ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಕನ್ನಡ ಲೋಗೋ ಬೇರೆ ಕಂಪ್ಯೂಟರಿನಲ್ಲಿ ಬದಲಾಗುತ್ತಿದೆ

ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ನೀವು ಮಾಡಿದ ಲೋಗೋದಲ್ಲಿ ತಪ್ಪೇನಿಲ್ಲ. ಗೆಳೆಯರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಬೇರೆ ಥರ ಕಾಣುತ್ತಿವೆ ಅಂದರೆ, ಅಲ್ಲಿ ನಿಮ್ಮ ಫಾಂಟ್ ಇಲ್ಲ ಅನ್ನಿಸುತ್ತದೆ. ಇಂಕ್‌ಸ್ಕೇಪ್ ಸೇವ್ ಮಾಡುವ ಎಸ್‌ವಿಜಿ ಎಂಬ ಚಿತ್ರದ ಫೈಲಿನೊಳಗೆ ಬರಹ ಮತ್ತು ಫಾಂಟಿನ ಹೆಸರು ಇರುತ್ತವೆ, ಫಾಂಟ್ ಇರುವುದಿಲ್ಲ. ಬೇಕಿದ್ದರೆ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ, ಬರೀ ಹೆಸರೇ ಸಿಗುತ್ತದೆ.

ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಮುಂದಿನ ಹೆಜ್ಜೆ ಆದಮೇಲೆ ಬರಹ ತಿದ್ದಲು ಬರುವುದಿಲ್ಲ. ಒಂದು ದೀರ್ಘದ ಗುರುತು ತಪ್ಪಿದ್ದಕ್ಕೆ ನಾನು ಇಡೀ ಪೋಸ್ಟರ್ ಮತ್ತೆ ಕೂತು ಮಾಡಿದ್ದೇನೆ! ಆಮೇಲೆ ಕಂಟ್ರೋಲ್+ಆಲ್ಟ್+ಎ ಒತ್ತಿ. ಸುಮ್ನೆ ಕಂಟ್ರೋಲ್+ಎ ಒತ್ತಿದರೆ ಈಗಿರುವ ಲೇಯರ್ (ಚಿತ್ರದ ಒಂದು ಪದರ) ಮಾತ್ರ ಆಯ್ಕೆಯಾಗುತ್ತದೆ. ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಕೊಡಿ. ಅಕ್ಷರಗಳೆಲ್ಲ ಬರೀ ಆಕಾರಗಳಾಗುತ್ತವೆ, ಒತ್ತು ಎಲ್ಲೂ ಕದಲುವುದಿಲ್ಲ. ಸೇವ್ ಮಾಡಿ ಆ ಕಾಪಿಯನ್ನೇ ಕಳಿಸಿ.

ನಿಮ್ಮ ಕಂಪ್ಯೂಟರಿನಲ್ಲೇ ಒತ್ತು ಒಡೆದು ಕಾಣುತ್ತಿದ್ದರೆ ಕಥೆ ಬೇರೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್ ಇರಬಹುದು, ಫೈಲ್ ನೋಡದೆ ಖಚಿತವಾಗಿ ಹೇಳಲಾರೆ. ನೋಟೋ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್ ಹಾಕಿ ಅದೇ ಪದವನ್ನು ಹೊಸದಾಗಿ ಟೈಪ್ ಮಾಡಿ. ಸರಿಯಾಗಿ ಬಂದರೆ ತೊಂದರೆ ಹಳೇ ಫಾಂಟಿನದೇ.