ಬೀಗರ ಪಂಚೆ ಮೇಲೆ ಸಾರು

ಹುಡುಗನಿಗೆ 26 ವರ್ಷ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಎಂಟು ತಿಂಗಳಿಂದ ಯಾವ ಮದುವೆಗೂ, ನಾಮಕರಣಕ್ಕೂ ಹೋಗಿಲ್ಲ. ಈಗ ಸ್ವಂತ ತಂಗಿಯ ಮದುವೆ. "ಅವತ್ತು ನಾನು ಮನೇಲೇ ಇರ್ತೀನಿ" ಎಂದು ಹಟ ಹಿಡಿದಿದ್ದಕ್ಕೆ ಅಮ್ಮನೇ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು.

ಆಗಿದ್ದಿಷ್ಟು. ಚಿಕ್ಕಪ್ಪನ ಮಗಳ ಮದುವೆ. ಬೀಗರ ಪಂಕ್ತಿಗೆ ಈ ಹುಡುಗ ಸಾರು ಬಡಿಸುತ್ತಿದ್ದರು. ಯಾರೋ ಚೆಲ್ಲಿದ್ದ ಮಜ್ಜಿಗೆ ಮೇಲೆ ಕಾಲು ಜಾರಿತು. ಸೌಟಿನಲ್ಲಿದ್ದ ಸಾರು ಪೂರ್ತಿ ವರನ ದೊಡ್ಡಪ್ಪನ ಬಿಳಿ ಪಂಚೆ ಮೇಲೆ. ಒಗ್ಗರಣೆಯ ಕರಿಬೇವು ಮೊಣಕಾಲಿಗೆ ಅಂಟಿಕೊಂಡಿತ್ತಂತೆ, ಅದೊಂದು ಇವತ್ತಿಗೂ ಕಣ್ಮುಂದೆ ಬರುತ್ತದೆ. ಇವರು ನಾಲಿಗೆ ಕಚ್ಚಿಕೊಂಡರು, ಬಕೆಟ್ ಅಲ್ಲೇ ಇಟ್ಟರು, ಹಿಂಬಾಗಿಲಿಂದ ಹೊರಟೇ ಹೋದರು.

"ದೊಡ್ಡಪ್ಪ ಏನಂದ್ರು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಕ್ಕರು ಅನ್ಸುತ್ತೆ. 'ಬಿಡಪ್ಪ, ಒಗೆದ್ರೆ ಹೋಗುತ್ತೆ' ಅಂದ್ರು."

ಕರಿಬೇವು ನೆನಪಿದೆ, ಈ ಮಾತು ಮರೆತೇಹೋಗಿತ್ತು!

ಕೆಲಸ, ಗೆಳೆಯರು, ನಿದ್ದೆ ಎಲ್ಲ ವಿಚಾರಿಸಿದೆ. ಸರಿಯಾಗಿಯೇ ಇತ್ತು. ಭಯ ಎಲ್ಲ ಕಡೆ ಹಬ್ಬಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಇದು ಬರೀ ಮುಜುಗರ.

ನಾನು ಹೇಳಿದ್ದು ಇದು. ನೀವು ನಾಲಿಗೆ ಕಚ್ಚಿಕೊಂಡಾಗಲೇ ಅರ್ಧ ಕ್ಷಮೆ ಕೇಳಿಯಾಯ್ತು. 'ಬೇಕಂತ ಮಾಡಿದ್ದಲ್ಲ, ತಪ್ಪಾಯ್ತು ಅಂತ ನನಗೂ ಗೊತ್ತು' ಎಂದು ಮೈ ತಾನಾಗಿ ಹೇಳಿಬಿಡುತ್ತದೆ. ಮುಖ ಕೆಂಪೇರುವುದನ್ನು ನಟಿಸುವುದು ಕಷ್ಟ, ಅದಕ್ಕೇ ಜನ ನಂಬುತ್ತಾರೆ. (ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣಲ್ಲ, ಆದರೆ ನಾಲಿಗೆ ಇದೆಯಲ್ವಾ!) 1982ರಲ್ಲಿ ಸೆಮಿನ್ ಮತ್ತು ಮ್ಯಾನ್‌ಸ್ಟೆಡ್ ಎಂಬ ಸಂಶೋಧಕರು ಜನರಿಗೆ ವಿಡಿಯೋ ತೋರಿಸಿದರು. ಅಂಗಡಿಯಲ್ಲಿ ಜೋಡಿಸಿಟ್ಟ ಟಾಯ್ಲೆಟ್ ಪೇಪರ್ ರಾಶಿಯನ್ನು ಒಬ್ಬ ಬೀಳಿಸುತ್ತಾನೆ. ಏನೂ ಆಗದವನ ಹಾಗೆ ಇದ್ದವನಿಗಿಂತ, ಮುಜುಗರ ಪಟ್ಟವನೇ ನೋಡಿದವರಿಗೆ ಜಾಸ್ತಿ ಹಿಡಿಸಿದ.

ನಿಮ್ಮ ಎಡವಟ್ಟು ಆಮೇಲಿನದು. ಓಡಿಹೋದಿರಿ, ಎಂಟು ತಿಂಗಳು ಮುಖ ತೋರಿಸಲಿಲ್ಲ. ಒಳಗೆ ನಾಚಿಕೆ ಇದೆ ಎಂದು ನಿಮಗೆ ಗೊತ್ತು, ನೆಂಟರಿಗೆ ಹೇಗೆ ಗೊತ್ತಾಗಬೇಕು? ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದರು. "ಕೊಬ್ಬು ಅಂತಾರೆ ಇವನಿಗೆ." ಹುಡುಗ ತಲೆ ಎತ್ತಿ ನೋಡಿದರು. ಇದು ಅವರಿಗೆ ಹೊಸ ಸುದ್ದಿ.

ಎರಡು ಕೆಲಸ ಕೊಟ್ಟೆ. ತಂಗಿಯ ಲಗ್ನಪತ್ರಿಕೆ ಕೊಡಲು ದೊಡ್ಡಪ್ಪನ ಮನೆಗೆ ಇವರೇ ಹೋಗಬೇಕು. "ಅವತ್ತು ಹಾಗಾಯ್ತು, ಬೇಜಾರು ಮಾಡ್ಕೋಬೇಡಿ" ಎಂದು ಒಂದೇ ಸಲ ಹೇಳಬೇಕು. ಹತ್ತು ಸಲ ಹೇಳಿದರೆ ಅವರಿಗೇ ಮುಜುಗರ. ಎರಡನೆಯದು, ಮದುವೆಯಲ್ಲಿ ಬಡಿಸಬೇಕು. ಸಾರು ಬೇಡ, ಉಪ್ಪು, ಕೋಸಂಬರಿ ಸಾಕು.

ಮದುವೆ ಮುಗಿದ ವಾರ ಫೋನ್ ಮಾಡಿದ್ದರು. ಕೋಸಂಬರಿ ಹಿಡಿದು ಹೋದಾಗ ದೊಡ್ಡಪ್ಪ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿಕೊಂಡು, "ಹೂಂ, ಈಗ ಬಡಿಸಪ್ಪ" ಅಂದರಂತೆ.