ಮೂರು ಅಡಿ ಮ್ಯಾಟಿಗೆ ಎಷ್ಟು ಕೆ.ಜಿ. ನೂಲು ಬೇಕು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ) ದಪ್ಪ ಮ್ಯಾಟ್ ಹಾಕುವ ಬಗ್ಗೆ ತುಮಕೂರು ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಹಾಲ್‌ಗೆ ಮೂರು ಅಡಿ ಅಗಲದ ದುಂಡನೆ ಮ್ಯಾಟ್ ಹಾಕೋಣ ಅಂತ 5 ಮಿ.ಮೀ. ದಪ್ಪದ ಕಾಟನ್ ಹುರಿ ಅರ್ಧ ಕೆ.ಜಿ. ತಂದೆ. ಮನೆಯಲ್ಲಿದ್ದ 4 ಮಿ.ಮೀ. ಕ್ರೋಶಾ ಕಡ್ಡಿಯಲ್ಲೇ ಶುರು ಮಾಡಿದೆ. ಅಂಚೆಲ್ಲ ಮೇಲೆದ್ದು ಬಾಣಲೆ ತರಹ ಆಗಿದೆ. ಒಂದು ಅಡಿ ದಾಟುವಷ್ಟರಲ್ಲಿ ನೂಲೂ ಮುಗಿಯಿತು, ಮಣಿಕಟ್ಟು ಬೇರೆ ನೋವು. ಒಟ್ಟು ಎಷ್ಟು ನೂಲು ಬೇಕು? ಎಲ್ಲಿ ತಪ್ಪಾಗಿದೆ?
– ಓದುಗರು, ಕ್ಯಾತ್ಸಂದ್ರ

ಉತ್ತರ: ಮೊದಲು ನೂಲಿನ ಲೆಕ್ಕ ನೋಡೋಣ. ಅಂಗಡಿಯಲ್ಲಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಒಂದು ಅಡಿ ಅಗಲದ ಮ್ಯಾಟಿಗೆ ಇಷ್ಟು ಹಿಡಿಯಿತು, ಮೂರು ಅಡಿಗೆ ಅದರ ಮೂರರಷ್ಟು ಸಾಕು ಅಂದುಕೊಳ್ಳುತ್ತೇವೆ. ಹಾಗಲ್ಲ. ಅಗಲ ಮೂರರಷ್ಟಾದರೆ ನೂಲು ಒಂಬತ್ತರಷ್ಟು ಬೇಕು. ಎರಡರಷ್ಟಾದರೆ ನಾಲ್ಕರಷ್ಟು. ಮೂರು ಅಡಿ ಮ್ಯಾಟಿನ ಕೊನೆಯ ಸುತ್ತು ಬಿಡಿಸಿ ಅಳೆದರೆ ಸುಮಾರು ಒಂಬತ್ತೂವರೆ ಅಡಿ ಉದ್ದ ಇರುತ್ತದೆ. ಎರಡು ಅಡಿ ಅಗಲ ಮುಗಿಸಿ "ಇನ್ನೇನು, ಆಯ್ತು" ಅಂತ ಕೂತಿರುತ್ತೀರಿ, ಆಗ ಅರ್ಧ ನೂಲೂ ಖರ್ಚಾಗಿರುವುದಿಲ್ಲ.

ಹಾಗಾಗಿ ಮೊದಲು ಒಂದು ಅಡಿ ಅಗಲ ಹಾಕಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. 250 ಗ್ರಾಂ ಬಂತು ಅಂದರೆ ಮೂರು ಅಡಿಗೆ ಎರಡೂಕಾಲು ಕೆ.ಜಿ. ಬೇಕು. ಮೇಲೆ ಇನ್ನೊಂದು ಕಾಲು ಕೆ.ಜಿ. ಇಟ್ಟುಕೊಳ್ಳಿ, ಎಲ್ಲವನ್ನೂ ಒಂದೇ ಸಲ ತನ್ನಿ. ಅದೇ ಬಣ್ಣ ಅಂತ ಆಮೇಲೆ ತಂದ ನೂಲು ಒಂದು ಛಾಯೆ ಆಚೀಚೆ ಇದ್ದೇ ಇರುತ್ತದೆ. ಸುತ್ತು ಸುತ್ತಿನ ಮ್ಯಾಟಿನಲ್ಲಿ ಅದು ಎದ್ದು ಕಾಣುತ್ತದೆ. ನಿಮ್ಮ ಈಗಿನ ಬಿಗಿಯಲ್ಲೇ ಮುಂದುವರಿದಿದ್ದರೆ ನಾಲ್ಕು ಕೆ.ಜಿ. ಹತ್ತಿರ ಹೋಗುತ್ತಿತ್ತು. ಅಷ್ಟು ಭಾರದ ಹಸಿ ಮ್ಯಾಟನ್ನು ತಾರಸಿಗೆ ಹೊತ್ತುಕೊಂಡು ಹೋಗೋರು ಯಾರು, ಅಲ್ವಾ?

ಇನ್ನು ಕಡ್ಡಿ. 5 ಮಿ.ಮೀ. ಹುರಿಗೆ 4 ಮಿ.ಮೀ. ಕಡ್ಡಿ ಸಾಲುವುದೇ ಇಲ್ಲ. 8ರಿಂದ ಶುರು ಮಾಡಿ, 10ರವರೆಗೂ ಹೋಗಬಹುದು. ನಿಮ್ಮ ಮಣಿಕಟ್ಟಿನ ನೋವಿಗೆ ಅರ್ಧ ಕಾರಣ ಅದೇ. ಸಣ್ಣ ಕಡ್ಡಿಯ ಕೊಕ್ಕೆಗೆ ದಪ್ಪ ಹುರಿ ಪೂರ್ತಿ ಕೂರುವುದಿಲ್ಲ, ಪ್ರತಿ ಸ್ಟಿಚ್‌ಗೂ ಎಳೆದಾಡಬೇಕು. ಹಾಗಂತ 15ರ ಕಡ್ಡಿ ತಂದು ಬೇಗ ಮುಗಿಸೋಣ ಅನ್ನಬೇಡಿ. ದಪ್ಪ ಮ್ಯಾಟ್ ಅಂದರೆ ಬರೀ ದಪ್ಪ ನೂಲು ಅಲ್ಲ, ಹೆಣಿಗೆ ಒತ್ತಾಗಿರಬೇಕು. ಹಾಕಿದ ಮೇಲೆ ಕಿರುಬೆರಳು ತೂರಿಸಿ ನೋಡಿ. ಸಲೀಸಾಗಿ ಆಚೆ ಬಂದರೆ ಅದು ಜಾಳು. ಅಂಥ ಕಣ್ಣಿಗೆ ಕಾಲುಂಗುರ ಸಿಕ್ಕಿಕೊಳ್ಳುತ್ತದೆ, ಗೆಜ್ಜೆ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಎಳೆದರೆ ಆ ಕಣ್ಣು ಹಿಗ್ಗಿ, ಪಕ್ಕದ ನಾಲ್ಕು ಸ್ಟಿಚ್ ಬಿಗಿಯಾಗಿ ಮ್ಯಾಟ್ ಅಲ್ಲೇ ಸೊಟ್ಟಗಾಗುತ್ತದೆ.

ಕಡ್ಡಿಯನ್ನು ಪೆನ್ನಿನಂತೆ ಹಿಡಿಯುವ ಅಭ್ಯಾಸ ಇದ್ದರೆ, ದಪ್ಪ ನೂಲಿಗೆ ಅದನ್ನು ಬಿಡಿ. ಚಾಕು ಹಿಡಿದ ಹಾಗೆ ಮುಷ್ಟಿಯೊಳಗೆ ಹಿಡಿಯಿರಿ. ಆಗ ಎಳೆಯುವುದು ಮೊಣಕೈ, ಮಣಿಕಟ್ಟಲ್ಲ. ಉಂಡೆಯಿಂದ ಒಂದೆರಡು ಮಾರು ನೂಲು ಮೊದಲೇ ಸಡಿಲ ಮಾಡಿಕೊಂಡು ಕೂರಿ. ಮ್ಯಾಟ್ ಎರಡು ಅಡಿ ದಾಟಿದ ಮೇಲೆ ಅದನ್ನು ಎತ್ತಿ ಹಿಡಿಯಬೇಡಿ. ಮೇಜಿನ ಮೇಲೋ ನೆಲದ ಮೇಲೋ ಹಾಸಿ, ಅದನ್ನೇ ತಿರುಗಿಸುತ್ತಾ ಹಾಕಿ. ಇಷ್ಟಾದರೂ ನೋವು ಕಡಿಮೆ ಆಗದಿದ್ದರೆ ಕೆಲಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಈಗ ಬಾಣಲೆ ವಿಷಯ. ಅಂಚು ಮೇಲೆದ್ದಿತು ಅಂದರೆ ಒಂದೊಂದು ಸುತ್ತಿಗೆ ಸೇರಿಸಿದ (ಒಂದೇ ಕಣ್ಣಿಗೆ ಎರಡು ಹಾಕಿದ) ಸ್ಟಿಚ್ ಕಡಿಮೆ ಆಗಿದೆ. ಅಂಚು ಅಲೆ ಅಲೆಯಾಗಿ ಮಡಿಚಿದರೆ ಜಾಸ್ತಿ ಆಗಿದೆ. ಸಿಂಗಲ್ ಕ್ರೋಶಾದಲ್ಲಿ, ಅಂದರೆ ಗಿಡ್ಡ ಸ್ಟಿಚ್‌ನಲ್ಲಿ, ಒಂದು ಸುತ್ತಿಗೆ ಆರು ಸ್ಟಿಚ್ ಸೇರಿಸಬೇಕು. ಮೊದಲ ಸುತ್ತಲ್ಲಿ 6, ಆಮೇಲೆ 12, 18, 24, ಹೀಗೆ. ಈ ಆರು ಎಲ್ಲಿಂದ ಬಂತು? ಸ್ಕೂಲಲ್ಲಿ ಕಲಿತ ಲೆಕ್ಕವೇ. ಸುತ್ತಿನ ಉದ್ದ ಅಂದರೆ ನಡುವಿನಿಂದ ಅಂಚಿಗಿರುವ ದೂರದ ಸುಮಾರು 6.28ರಷ್ಟು. ಸಿಂಗಲ್ ಸ್ಟಿಚ್‌ನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪ್ರತಿ ಸುತ್ತಿಗೂ ಆರು ಹೊಸ ಸ್ಟಿಚ್‌ಗೆ ಜಾಗ ಆಗುತ್ತದೆ. ಡಬಲ್ ಕ್ರೋಶಾ ಅದರ ಎರಡರಷ್ಟು ಎತ್ತರ, ಅದಕ್ಕೆ ಹನ್ನೆರಡು. ನೀವು ಹಾಕಿರುವುದು ಡಬಲ್, ಸೇರಿಸಿದ್ದು ಆರೇ ಆರು ಆಗಿದ್ದರೆ ಬಾಣಲೆ ಆಗದೆ ಇನ್ನೇನಾಗುತ್ತದೆ? ವಿಡಿಯೊ ನೋಡಿ ಹಾಕುವವರು ಒಂದು ಗಮನಿಸಿ. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಅಮೆರಿಕದ ಲೆಕ್ಕ.

ಆರು ಸೇರಿಸಿಯೂ ಅಂಚು ಏಳುತ್ತಿದ್ದರೆ ನಿಮ್ಮ ಕೈ ಬಿಗಿ. ಕಡ್ಡಿ ಒಂದು ಸೈಜ್ ದೊಡ್ಡದು ಮಾಡಿ, ಇಲ್ಲವೇ 7 ಸ್ಟಿಚ್‌ನಿಂದ ಶುರು ಮಾಡಿ ಸುತ್ತಿಗೆ ಏಳೇಳು ಸೇರಿಸಿ. ಸೇರಿಸುವ ಜಾಗ ಪ್ರತಿ ಸುತ್ತಲ್ಲೂ ಒಂದರ ಮೇಲೊಂದು ಬಂದರೆ ಆರು ಮೂಲೆ ಮೂಡುತ್ತವೆ, ದುಂಡಗೆ ಹೋಗಿ ಷಟ್ಕೋನ ಆಗುತ್ತದೆ. ಸುತ್ತು ಬಿಟ್ಟು ಸುತ್ತು ಆ ಜಾಗವನ್ನು ಪಕ್ಕಕ್ಕೆ ಸರಿಸಿ. ಸುತ್ತು ಎಲ್ಲಿ ಶುರುವಾಯಿತು ಅಂತ ಗೊತ್ತಾಗಲು ಅಲ್ಲೊಂದು ಸೇಫ್ಟಿ ಪಿನ್ ಚುಚ್ಚಿಡಿ. ದಪ್ಪ ನೂಲಿನಲ್ಲಿ ಸ್ಟಿಚ್ ಎಣಿಸುವುದು ಸಲೀಸು ಅನ್ನಿಸುತ್ತದೆ. ಟಿ.ವಿ. ಮುಂದೆ ಕೂತರೆ ಅಲ್ಲ.

ಈಗ ಹಾಕಿರುವುದನ್ನು ಒತ್ತಿ, ಇಸ್ತ್ರಿ ಮಾಡಿ ಸರಿ ಮಾಡಲು ಹೋಗಬೇಡಿ. ಪೂರ್ತಿ ಬಿಚ್ಚಿ. ಕಾಟನ್ ಹುರಿ ಬಿಚ್ಚಿದರೂ ಹಾಳಾಗುವುದಿಲ್ಲ.

ಪ್ರಶ್ನೆ: ಬೀರು ತುಂಬಾ ಹಳೇ ಟೀ ಶರ್ಟು, ಕಾಟನ್ ಸೀರೆ ಇವೆ. ಅವನ್ನೇ ಕತ್ತರಿಸಿ ದಪ್ಪ ನೂಲು ಮಾಡಿಕೊಳ್ಳಬಹುದಾ? ಎರಡನ್ನೂ ಸೇರಿಸಿ ಒಂದೇ ಮ್ಯಾಟ್ ಹಾಕಬಹುದಾ?
– ಓದುಗರು, ಗುಬ್ಬಿ

ಉತ್ತರ: ಧಾರಾಳವಾಗಿ ಮಾಡಬಹುದು. ಆದರೆ ಎರಡನ್ನೂ ಬೆರೆಸಬೇಡಿ. ಟೀ ಶರ್ಟಿನ ಬಟ್ಟೆ ಹೆಣೆದದ್ದು, ಎಳೆದರೆ ಹಿಗ್ಗುತ್ತದೆ. ಸೀರೆ ನೇಯ್ದದ್ದು, ಹಿಗ್ಗುವುದಿಲ್ಲ. ಒಗೆದ ಮೇಲೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ಜೋಲು.

ಟೀ ಶರ್ಟಿನಲ್ಲಿ ಕಂಕುಳ ಕೆಳಗಿನ ಭಾಗ ಮಾತ್ರ ತೆಗೆದುಕೊಳ್ಳಿ. ಪಕ್ಕದಲ್ಲಿ ಹೊಲಿಗೆ ಇಲ್ಲದ್ದು ಸಿಕ್ಕರೆ ಒಳ್ಳೆಯದು. ಕೆಳಗಿನ ಮಡಿಕೆ ಕತ್ತರಿಸಿ ಬಿಸಾಡಿ. ಆಗ ಉಳಿಯುವುದು ಒಂದು ಚೀಲದಂಥ ತುಂಡು. ಅದನ್ನು ಮೇಜಿನ ಮೇಲೆ ಹಾಸಿ. ಒಂದು ಪಕ್ಕದಿಂದ ಅಡ್ಡಡ್ಡ ಒಂದು ಇಂಚಿಗೊಂದರಂತೆ ಕತ್ತರಿಸುತ್ತಾ ಬನ್ನಿ. ಆಚೆ ಪಕ್ಕ ಮುಟ್ಟುವ ಮೊದಲು ಒಂದೂವರೆ ಇಂಚು ಕತ್ತರಿಸದೆ ಬಿಡಿ. ಎಲ್ಲ ಆದ ಮೇಲೆ ಆ ಬಿಟ್ಟ ಭಾಗವನ್ನು ಬಿಡಿಸಿ ಹಿಡಿದು, ಒಂದು ಪಟ್ಟಿಯ ಕೊನೆಯಿಂದ ಎದುರಿನ ಮುಂದಿನ ಪಟ್ಟಿಯ ಕೊನೆಗೆ ಓರೆಯಾಗಿ ಕತ್ತರಿಸಿ. ಇಡೀ ಶರ್ಟು ಒಂದೇ ಉದ್ದ ಪಟ್ಟಿ ಆಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಒಂದೊಂದು ಮಾರು ಹಿಡಿದು ಎಳೆದರೆ ಅಂಚು ಸುರುಳಿ ಸುತ್ತಿ ದುಂಡನೆ ನೂಲು ಆಗುತ್ತದೆ. ಮುಂದೆ ದಪ್ಪ ಅಕ್ಷರದ ಪ್ರಿಂಟ್ ಇದ್ದರೆ ಅಲ್ಲಿ ಮಾತ್ರ ಸುರುಳಿ ಆಗುವುದಿಲ್ಲ, ಬಿರುಸಾಗಿ ನಿಲ್ಲುತ್ತದೆ. ಅಂಥದ್ದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಸೀರೆಗೆ ಕತ್ತರಿ ಬೇಕಿಲ್ಲ. ಎರಡಿಂಚಿಗೊಂದು ಕಚ್ಚು ಹಾಕಿ ಉದ್ದಕ್ಕೆ ಹರಿಯಿರಿ. ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಕೊನೆಯಲ್ಲಿ ಒಂದಿಂಚು ಬಿಟ್ಟು, ಮುಂದಿನ ಪಟ್ಟಿಯನ್ನು ಆ ತುದಿಯಿಂದ ಈ ಕಡೆಗೆ ಹರಿದರೆ ಗಂಟಿಲ್ಲದ ಒಂದೇ ಪಟ್ಟಿ ಸಿಗುತ್ತದೆ. ಐದೂವರೆ ಮೀಟರ್ ಉದ್ದ, 44 ಇಂಚು ಅಗಲದ ಸೀರೆಯಲ್ಲಿ ಹೀಗೆ 22 ಪಟ್ಟಿ, ಅಂದರೆ 120 ಮೀಟರ್ ನೂಲು! ಕೌದಿಗೆ ಹೋಗಬೇಕಾದ ಸೀರೆಗೆ ಇದೂ ಒಂದು ದಾರಿ. ಅಂಚಿನ ಎಳೆ ಒಂದಷ್ಟು ದಿನ ಉದುರುತ್ತಲೇ ಇರುತ್ತದೆ. ಮೊದಲೇ ಕೈಯಿಂದ ಎಳೆದು ತೆಗೆದುಬಿಡಿ. ಪಾಲಿಯೆಸ್ಟರ್ ಸೀರೆ ಬೇಡ. ಜಾರುತ್ತದೆ, ನೀರನ್ನೂ ಹೀರುವುದಿಲ್ಲ.

ಪಟ್ಟಿಗೆ ಪಟ್ಟಿ ಸೇರಿಸುವಾಗ ಗಂಟು ಹಾಕಬೇಡಿ, ಕಾಲಿಗೆ ಒತ್ತುತ್ತದೆ. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಸೂಜಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ.

ಪ್ರಶ್ನೆ: ನಮ್ಮ ಕಡೆ ಕಂಬಳಿ ನೇಯುವವರ ಹತ್ತಿರ ಕುರಿ ಉಣ್ಣೆಯ ನೂಲು ಸಿಗುತ್ತದೆ. ಅದರಲ್ಲಿ ಕ್ರೋಶಾ ಬರುತ್ತದಾ?
– ಓದುಗರು, ಶಿರಾ

ಉತ್ತರ: ಬರುತ್ತದೆ. ನೂಲು ಒರಟು, ಒಂದೆಳೆಯದು. ಎರಡು ಮೂರು ಎಳೆ ಸೇರಿಸಿ ಹಾಕಿ. ನೇಯ್ಗೆಗೆ ಹಾಸು (ಉದ್ದದ ಎಳೆ) ಹೂಡುವಾಗ ಅದಕ್ಕೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ನೀವು ಗಂಜಿ ಕಾಣದ ನೂಲನ್ನೇ ಕೇಳಿ ತನ್ನಿ, ಇಲ್ಲದಿದ್ದರೆ ಕಡ್ಡಿ ಓಡುವುದಿಲ್ಲ. ಬರಿಗಾಲಿಗೆ ಚುಚ್ಚುತ್ತದೆ, ಅದನ್ನು ಒಪ್ಪಿಕೊಂಡೇ ಹಾಕಬೇಕು. ಬಿಸಿ ನೀರಲ್ಲಿ ತಿಕ್ಕಿ ಒಗೆದರೆ ಉಣ್ಣೆ ಕೂಡಿಕೊಂಡು ಕುಗ್ಗಿಹೋಗುತ್ತದೆ. ಕೊಡವಿ, ಬಿಸಿಲಿಗೆ ಹಾಕಿ, ಅಷ್ಟು ಸಾಕು. ನನ್ನ ಕೇಳಿದರೆ, ಅದರ ಕಪ್ಪು ಕಂದು ಬಣ್ಣದ ಮುಂದೆ ಅಂಗಡಿಯ ಅಕ್ರಿಲಿಕ್ ಏನೂ ಅಲ್ಲ.

ಪ್ರಶ್ನೆ: ತೆಂಗಿನ ನಾರಿನ ಹುರಿಯಲ್ಲಿ ಬಾಗಿಲಿಗೆ ಹಾಕುವ ಮ್ಯಾಟ್ ಹಾಕಬಹುದಾ? ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ.
– ಓದುಗರು, ತಿಪಟೂರು

ಉತ್ತರ: ಹಾಕಬಹುದು, ಆದರೆ ಬೆರಳು ಕಿತ್ತುಹೋಗುತ್ತದೆ. ನಾರಿನದು ಕೊಂಡು ತಂದು ಬಾಗಿಲ ಹೊರಗೆ ಹಾಕಿ, ಮಣ್ಣು ಅಲ್ಲೇ ಉಳಿಯಲಿ. ನೀವು ಹಾಕಿದ ಕಾಟನ್ ಮ್ಯಾಟ್ ಬಾಗಿಲ ಒಳಗೆ ಇರಲಿ.

ಪ್ರಶ್ನೆ: ಅಡುಗೆಮನೆ ಸಿಂಕ್ ಮುಂದೆ ಎರಡು ಅಡಿ ಅಗಲ, ಮೂರು ಅಡಿ ಉದ್ದದ ಕೋಳಿಮೊಟ್ಟೆ ಆಕಾರದ್ದು ಬೇಕು. ಶುರುವಿಗೆ ಚೈನ್ (ಸರಪಳಿ ಹೆಣಿಗೆ) ಎಷ್ಟುದ್ದ ಹಾಕಲಿ? ಮನೆಯಲ್ಲಿ ಅತ್ತೆಗೆ ವಯಸ್ಸಾಗಿದೆ, ಟೈಲ್ಸ್ ಮೇಲೆ ಮ್ಯಾಟ್ ಜಾರುತ್ತದೆ ಅಂತ ಭಯ.
– ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಉದ್ದದಲ್ಲಿ ಅಗಲ ಕಳೆಯಿರಿ, ಉಳಿದಷ್ಟು ಚೈನ್. ನಿಮಗೆ ಒಂದು ಅಡಿ. ಅದರ ಎರಡೂ ಬದಿಗೆ ಸಿಂಗಲ್ ಹಾಕುತ್ತಾ ಸುತ್ತಿ, ಸೇರಿಸುವುದನ್ನು ಎರಡು ತುದಿಗಳಲ್ಲಿ ಮಾತ್ರ ಮಾಡಿ, ತುದಿಗೆ ಮೂರರಂತೆ. ಅಲ್ಲಿಗೂ ಲೆಕ್ಕ ಅದೇ ಆರು.

ಎರಡನೇ ಮಾತು ಮುಖ್ಯ. ಅತ್ತೆ ಓಡಾಡುವ ದಾರಿಯಲ್ಲಿ ದಪ್ಪ ಮ್ಯಾಟ್ ಹಾಕಲೇಬೇಡಿ. ಜಾರುವುದು ಒಂದು, ಅಂಚಿಗೆ ಕಾಲುಬೆರಳು ತಗುಲಿ ಮುಗ್ಗರಿಸುವುದು ಇನ್ನೊಂದು. ಊರುಗೋಲು ಹಿಡಿಯುವವರಿಗಂತೂ ಮ್ಯಾಟ್ ಇಲ್ಲದ ಒಣ ನೆಲವೇ ಒಳ್ಳೆಯದು. ಸಿಂಕ್ ಮುಂದೆ ಬೇಕೇ ಬೇಕು ಅಂದರೆ ತೆಳ್ಳಗಿನದು ಹಾಕಿ, ಅಡಿಗೆ ತೂತು ತೂತಿನ ರಬ್ಬರ್ ಜಾಲರಿ ಹಾಸಿ. ಶೆಲ್ಫಿಗೆ ಹಾಸಲು, ಕಾರ್ಪೆಟ್ ಅಡಿಗೆ ಹಾಕಲು ಮಾರುತ್ತಾರಲ್ಲ, ಅದೇ. ಮ್ಯಾಟಿಗಿಂತ ಸುತ್ತ ಒಂದಿಂಚು ಚಿಕ್ಕದಾಗಿ ಕತ್ತರಿಸಿ. ಕೊನೆಯ ಸುತ್ತನ್ನು ಸ್ಲಿಪ್ ಸ್ಟಿಚ್‌ನಲ್ಲಿ (ಎಲ್ಲಕ್ಕಿಂತ ಗಿಡ್ಡ ಸ್ಟಿಚ್) ಮುಗಿಸಿದರೆ ಅಂಚು ತಗ್ಗುತ್ತದೆ.

ಪ್ರಶ್ನೆ: ಎರಡು ಕೆ.ಜಿ. ಮ್ಯಾಟ್ ಒಗೆಯುವುದು ಹೇಗೆ? ಒಣಗದೆ ಮುಗ್ಗಲು ವಾಸನೆ ಬರುತ್ತಿದೆ. ಒಗೆದ ಮೇಲೆ ಗಟ್ಟಿಯೂ ಆಗಿದೆ.
– ಓದುಗರು, ಮಧುಗಿರಿ

ಉತ್ತರ: ಮಷಿನ್‌ಗೆ ಹಾಕಬೇಡಿ. ನೀರು ಕುಡಿದ ಮ್ಯಾಟ್ ಡ್ರಮ್ಮಿನ ಒಂದೇ ಪಕ್ಕ ಕೂತು, ಹಿಂಡುವಾಗ ಮಷಿನ್ ಕುಣಿಯುತ್ತದೆ. ದೊಡ್ಡ ಟಬ್‌ನಲ್ಲಿ ನೆನೆಸಿ ಕಾಲಲ್ಲಿ ತುಳಿಯಿರಿ. ಗಟ್ಟಿ ಆಗಿರುವುದಕ್ಕೆ ನಿಮ್ಮ ಬೋರ್‌ವೆಲ್ ನೀರು ಕಾರಣ ಇರಬಹುದು. ಗಡಸು ನೀರಲ್ಲಿ ಸೋಪು ಪೂರ್ತಿ ಬಿಡುವುದಿಲ್ಲ, ಎಳೆಗಳಲ್ಲೇ ಕೂರುತ್ತದೆ. ಪುಡಿ ಕಡಿಮೆ ಹಾಕಿ, ಜಾಲಿಸುವುದನ್ನು ಒಂದು ಸಲ ಜಾಸ್ತಿ ಮಾಡಿ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಗೆ ಅದರಲ್ಲಿ ಜಾಲಿಸಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ. ತಾರಸಿಯ ಗೋಡೆ ಮೇಲೆ ಹಾಕಿ ನೀರು ಇಳಿಯಲು ಬಿಡಿ. ಆಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ, ಉಲ್ಟಾ ಮಾಡಿ ಹಾಸಿ. ಅಡಿಯಿಂದಲೂ ಗಾಳಿ ಆಡಬೇಕು, ಬಣ್ಣಕ್ಕೆ ನೇರ ಬಿಸಿಲು ತಾಗಬಾರದು. ಮೇಲೆ ಒಣಗಿದೆ ಅನ್ನಿಸಿದರೂ ನಡುವೆ ಹಿಂಡಿ ನೋಡಿ. ಮುಗ್ಗಲು ಶುರುವಾಗುವುದು ಅಲ್ಲೇ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ, ಆ ಎರಡು ತಿಂಗಳು ಒಗೆಯದೆ ಕೊಡವಿ ಬಳಸಿದರೆ ನಷ್ಟ ಇಲ್ಲ. ಕೆಂಪು, ನೀಲಿ ನೂಲನ್ನು ಬಿಳಿಯ ಜೊತೆ ಸೇರಿಸುವ ಮೊದಲು ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ. ಬಣ್ಣ ಹತ್ತಿದರೆ ಆ ಜೋಡಿ ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಸಂಘದ ಮೇಳದಲ್ಲಿ ಮಾರಲು ಇಟ್ಟರೆ ಎಷ್ಟು ರೇಟ್ ಹೇಳಲಿ? ಎಲ್ಲರೂ ಚೌಕಾಸಿ ಮಾಡುತ್ತಾರೆ.
– ಓದುಗರು, ಕುಣಿಗಲ್

ಉತ್ತರ: ನೂಲಿನ ದುಡ್ಡಿನ ಎರಡರಷ್ಟು ಅಂತ ಸುಮ್ನೆ ಹೇಳಬೇಡಿ. ಮೊದಲ ಒಂದು ಅಡಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ಮೇಲೆ ಹೇಳಿದ ಒಂಬತ್ತರ ಲೆಕ್ಕ ಸಮಯಕ್ಕೂ ಹೊಂದುತ್ತದೆ. ಗಂಟೆಗೆ ನಿಮ್ಮ ಕೂಲಿ ಎಷ್ಟು ಅಂತ ನೀವೇ ತೀರ್ಮಾನಿಸಿ, ಅದಕ್ಕೆ ನೂಲಿನ ಖರ್ಚು ಕೂಡಿಸಿ. ಬರುವ ಮೊತ್ತ ಮೂರು ಅಡಿ ಮ್ಯಾಟಿಗೆ ಗಿರಾಕಿ ಕೊಡುವುದಕ್ಕಿಂತ ಜಾಸ್ತಿ ಇರುತ್ತದೆ. ಅದಕ್ಕೇ ಮೇಳಕ್ಕೆ ಒಂದೂವರೆ ಅಡಿಯವನ್ನು ಒಯ್ಯಿರಿ. ಮೂರು ಅಡಿಯದರ ಕಾಲು ಭಾಗ ನೂಲು, ಕಾಲು ಭಾಗ ಹೊತ್ತು. ದೊಡ್ಡದು ಒಂದನ್ನು ಮಾತ್ರ ಮುಂದೆ ಹಾಸಿ, ಮುಂಗಡ ಕೊಟ್ಟವರಿಗೆ ಮಾಡಿಕೊಡುತ್ತೇನೆ ಅನ್ನಿ.