ಟೊಮೆಟೊ ಅಗ್ಗವಾದರೂ ಸಾರು ಅಷ್ಟೇ
ಟೊಮೆಟೊ ಬೆಲೆ ನೆಲಕಚ್ಚಿದಾಗಲೂ ಜನ ಎರಡು ಪಟ್ಟು ಕೊಳ್ಳುವುದಿಲ್ಲವೇಕೆ ಎಂದು ಕೇಳಿದ್ದೀರಿ. ಕೋಲಾರದ ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಸಾರಿಗೆ ನಾಲ್ಕು ಹಣ್ಣು ಸಾಕು. ಕಿಲೋಗೆ ಐದು ರೂಪಾಯಿಯಾಯಿತೆಂದು ಎಂಟು ಹಾಕಲಾಗುತ್ತದೆಯೇ? ಕೂಡಿಡೋಣವೆಂದರೆ ವಾರದಲ್ಲಿ ಮೆತ್ತಗಾಗುತ್ತದೆ. 2023ರ ಜುಲೈನಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2000 ರೂಪಾಯಿ ದಾಟಿದಾಗ ನಾಲ್ಕು ಹಣ್ಣು ಎರಡಾಯಿತು, ಉಳಿದ ಹುಳಿಯನ್ನು ಹುಣಸೆಹಣ್ಣು ನೋಡಿಕೊಂಡಿತು. ಆದರೂ ಪೂರ್ತಿ ಬಿಡಲಿಲ್ಲ. ಹೀಗೆ ಬೆಲೆ ಇಳಿದರೂ ಏರಿದರೂ ಬೇಡಿಕೆ ಅಷ್ಟಾಗಿ ಕದಲದಿರುವುದರಿಂದಲೇ ಮಾಲು ಸ್ವಲ್ಪ ಹೆಚ್ಚಾದರೂ ಬೆಲೆ ದೊಪ್ಪನೆ ಬೀಳುತ್ತದೆ, ರೈತ ರಸ್ತೆಗೆ ಸುರಿಯುತ್ತಾನೆ.

ಆದಾಯದ ಮಾತು ಬೇರೆ. ಸಂಬಳ ಏರಿತೆಂದು ಒಂದು ಮುದ್ದೆ ಎರಡಾಗುವುದಿಲ್ಲ. ಹಾಲು, ಮೊಟ್ಟೆ, ಕೋಳಿ ಹೆಚ್ಚುತ್ತವೆ. ಆದಾಯ ಏರಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಯಲ್ಲಿ ಮನೆಖರ್ಚಿನಲ್ಲಿ ಆಹಾರದ ಪಾಲು ಹಳ್ಳಿಗಳಲ್ಲಿ ಸುಮಾರು ಶೇ. 47, ನಗರಗಳಲ್ಲಿ ಶೇ. 40. ರಾಗಿಯದು ಮಾತ್ರ ತಮಾಷೆ: ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಅದನ್ನು ಬಿಟ್ಟು ಅನ್ನಕ್ಕೆ ಹೋದವರೇ ಈಗ ಸಕ್ಕರೆ ಕಾಯಿಲೆಗೆ ಹೆದರಿ ರಾಗಿ ಪೊಟ್ಟಣಕ್ಕೆ ಹೆಚ್ಚು ದುಡ್ಡು ಕೊಡುತ್ತಿದ್ದಾರೆ.